ಬಾಗಿನಕ್ಕೆ ಹೋದ ಬಿಲ್ಲೆಗಳು

ಪಿನ್ನು ಇಡುವುದಕ್ಕೂ ಒಂದು ಜಾಗ ಬೇಕು ಎಂದು ನನಗೆ ಗೊತ್ತಾದದ್ದು ಗಂಡ ಸತ್ತ ಮೇಲೆ. ಹೀಗೆ ಹೇಳಿದರೆ ನನ್ನ ಸೊಸೆ ಮಂಜುಳಾ ಹಣೆ ಚಚ್ಚಿಕೊಳ್ಳುತ್ತಾಳೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ನಮ್ಮ ಕಾಲದ ಹೆಂಗಸರಿಗೆ ಪಿನ್ನಿನ ಡಬ್ಬಿ ಎಂಬುದು ಎಲ್ಲಿತ್ತು? ತಾಳಿಸರವೇ ಡಬ್ಬಿ. ಎರಡು ಬೊಟ್ಟಿನ ಪಕ್ಕ ಒಂದು ಗೊಂಚಲು ಸೇಫ್ಟಿ ಪಿನ್ನು. ಸೆರಗು ಜಾರಿದರೆ ಅಲ್ಲಿಂದ ಒಂದು ತೆಗಿ, ಮಗನ ಚಡ್ಡಿಯ ಗುಂಡಿ ಹಾರಿದರೆ ಒಂದು ತೆಗಿ, ಕಾಲಿಗೆ ಮುಳ್ಳು ನಾಟಿದರೆ ಒಂದು ತೆಗಿ. ಅಗ್ನಿಸಾಕ್ಷಿಯಾಗಿ ಕಟ್ಟಿಸಿಕೊಂಡ ತಾಳಿ ನನಗೆ ಆಯುಷ್ಯದುದ್ದಕ್ಕೂ ಬಂದದ್ದು ಮುಖ್ಯವಾಗಿ ಈ ಕೆಲಸಕ್ಕೆ.

ಯಜಮಾನರು ಹೋದಾಗ ಹೆಂಗಸರೆಲ್ಲ ಸುತ್ತ ಕೂತು ಗೋಳೋ ಎಂದು ಅಳುತ್ತಾ ತಾಳಿ ತೆಗೆದರು. ಬಳೆಯೂ ಹೋಯಿತು. ಆಗ ನನ್ನ ತಲೆಯಲ್ಲಿ ಬಂದದ್ದು ಒಂದೇ ಯೋಚನೆ: ಇನ್ನು ಪಿನ್ನು ಎಲ್ಲಿಡುವುದು? ಮುಖದಲ್ಲಿ ಆ ಚಿಂತೆ ಕಂಡಿರಬೇಕು, ನಾದಿನಿ ನನ್ನನ್ನು ತಬ್ಬಿಕೊಂಡು ಇನ್ನೂ ಜೋರಾಗಿ ಅತ್ತಳು. ನಾನೂ ಸುಮ್ಮನೆ ತಬ್ಬಿಕೊಂಡೆ. ಅಂಥ ಹೊತ್ತಿನಲ್ಲಿ ವಿವರಣೆ ಕೊಡಲಾಗುತ್ತದೆಯೇ?

ಇದೆಲ್ಲ ಈಗ ನೆನಪಾದದ್ದು ನನ್ನ ಮೊಮ್ಮಗಳು ಸಿಂಚನಾಳಿಂದ. ಕಾಲೇಜಿಗೆ ಹೋಗುವ ಹುಡುಗಿ. ಅವಳಿಗೆ ವಾರ ತಪ್ಪಿದರೂ ಕೊರಿಯರ್ ತಪ್ಪುವುದಿಲ್ಲ. ಪೊಟ್ಟಣ ಬಿಚ್ಚಿದರೆ ಒಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಬಿಲ್ಲೆ. ಬೆಕ್ಕಿನ ಬಿಲ್ಲೆ, ಮಸಾಲೆ ದೋಸೆಯ ಬಿಲ್ಲೆ, ಕಾಫಿ ಲೋಟದ ಬಿಲ್ಲೆ, ಕೋಪ ಮಾಡಿಕೊಂಡ ಬದನೆಕಾಯಿಯ ಬಿಲ್ಲೆ. ಮೇಲೆ ಪಿಂಗಾಣಿಯಂತೆ ಹೊಳೆಯುವ ಬಣ್ಣ, ಹಿಂದೆ ಒಂದು ಮೊಳೆ, ಆ ಮೊಳೆಗೆ ಚಿಟ್ಟೆಯಂಥ ಒಂದು ಬಿರಡೆ. ಇದು ಸೆರಗನ್ನು ಹಿಡಿಯುವುದಿಲ್ಲ, ಚಡ್ಡಿಯನ್ನೂ ಹಿಡಿಯುವುದಿಲ್ಲ. ನೋಡುವುದಕ್ಕೆ ಮಾತ್ರ.

"ಬಿಲ್ಲೆ ಅನ್ಬೇಡ ಅಜ್ಜಿ, ಇದು ಎನಾಮಲ್ ಪಿನ್" ಎಂದು ನನಗೇ ಪಾಠ ಹೇಳುತ್ತಾಳೆ.

ಎನಾಮಲ್ ಎಂದರೇನೆಂದು ನನಗೆ ಹೇಳಿಕೊಡುವುದೇ! ಕಾಟನ್‌ಪೇಟೆಯ ಗಲ್ಲಿಯಲ್ಲಿ ನೀಲಿ ಅಂಚಿನ ಎನಾಮಲ್ ತಟ್ಟೆಯಲ್ಲಿ ಮುದ್ದೆ ಉಂಡು ಬೆಳೆದವಳು ನಾನು. ತಟ್ಟೆ ಕೈಜಾರಿತೆಂದರೆ ಬಣ್ಣ ಚಕ್ಕೆಯೆದ್ದು ಕಪ್ಪು ಮಚ್ಚೆ ಬೀಳುತ್ತಿತ್ತು. ಯಾರ ತಟ್ಟೆ ಯಾವುದೆಂದು ಮಚ್ಚೆ ನೋಡಿಯೇ ಗುರುತು. ನನ್ನ ತಟ್ಟೆಯಲ್ಲಿ ಬಿಳಿಗಿಂತ ಕಪ್ಪೇ ಹೆಚ್ಚು, ಏಕೆಂದರೆ ಸಿಟ್ಟು ಬಂದಾಗ ಅದು ತಾನಾಗಿ ಕೈಜಾರುತ್ತಿರಲಿಲ್ಲ. ಈಗಿನ ಸ್ಟೀಲು ತಟ್ಟೆ ಎಸೆದರೂ ಸದ್ದಷ್ಟೇ, ಗುರುತು ನಿಲ್ಲುವುದಿಲ್ಲ. ಅದಕ್ಕೇ ಈಗ ಯಾರ ಸಿಟ್ಟಿಗೂ ಬೆಲೆಯಿಲ್ಲ.

ನಮಗೂ ಬಿಲ್ಲೆಯ ಹುಚ್ಚು ಇತ್ತು. ಸೋಡಾ ಬಾಟಲಿಯ ತಗಡಿನ ಮುಚ್ಚಳ ಇರುತ್ತದಲ್ಲ, ಆಗ ಅದರೊಳಗೆ ತೆಳ್ಳಗೆ ಒಂದು ಬೆಂಡು ಇರುತ್ತಿತ್ತು. ಆ ಬೆಂಡನ್ನು ಉಗುರಿನಿಂದ ಹುಷಾರಾಗಿ ಎಬ್ಬಿಸಬೇಕು. ಮುಚ್ಚಳವನ್ನು ಲಂಗದ ರವಿಕೆಯ ಹೊರಗೆ ಇಟ್ಟು, ಒಳಗಿನಿಂದ ಬೆಂಡನ್ನು ಅದರೊಳಕ್ಕೆ ಒತ್ತಿದರೆ ಬಟ್ಟೆ ನಡುವೆ ಸಿಕ್ಕಿಕೊಂಡು ಮುಚ್ಚಳ ಎದೆಯ ಮೇಲೆ ನಿಲ್ಲುತ್ತದೆ. ಮೊಳೆಯಿಲ್ಲ, ಬಿರಡೆಯಿಲ್ಲ. ಶಾಲೆಯಲ್ಲಿ ನನ್ನನ್ನು ಯಾರೂ ಲೀಡರ್ ಮಾಡಲಿಲ್ಲ. ನಾನು ಆರೆಂಜ್ ಸೋಡಾದ ಮುಚ್ಚಳ ಹಾಕಿಕೊಂಡು ನಾನೇ ಲೀಡರ್ ಎಂದೆ. ಮೇಷ್ಟ್ರು ಕಿತ್ತೆಸೆದರು, ಜೊತೆಗೆ ರವಿಕೆಯೂ ಹರಿಯಿತು. ಮನೆಯಲ್ಲಿ ಅವ್ವ ರವಿಕೆಯ ಲೆಕ್ಕಕ್ಕೆ ಎರಡೇಟು ಬೇರೆ ಕೊಟ್ಟಳು. ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತಿತು. ಮುಚ್ಚಳವೇ ಕಾರಣ ಎನ್ನಲಾರೆ, ಆದರೆ ಓದು ನಿಂತದ್ದಕ್ಕೆ ನನಗಾಗಲಿ ಮೇಷ್ಟ್ರಿಗಾಗಲಿ ಬೇಸರವಾದಂತಿರಲಿಲ್ಲ.

ಆಮೇಲೆ ಮದುವೆಯಾದದ್ದೂ ಬಿಲ್ಲೆಯ ಮನುಷ್ಯನನ್ನೇ. ನಮ್ಮ ಯಜಮಾನರು ಬಿನ್ನಿಪೇಟೆಯ ಕಡೆ ಬಟ್ಟೆ ಗಿರಣಿಯೊಂದರಲ್ಲಿ ಮಗ್ಗದ ಕೆಲಸಕ್ಕಿದ್ದರು. ಕಾರ್ಮಿಕರ ಸಂಘದವರು ಕೊಟ್ಟ ಒಂದು ಬಿಲ್ಲೆ ಅವರ ಅಂಗಿಯ ಜೇಬಿನ ಮೇಲೆ ಸದಾ ಇರುತ್ತಿತ್ತು. ಕೆಂಪು ಬಣ್ಣ, ನಡುವೆ ಹಿತ್ತಾಳೆಯ ಚಕ್ರ. ಗಿರಣಿ ಮುಚ್ಚಿಹೋದ ಮೇಲೂ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿಗೆ ಅದನ್ನು ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಹೋಗುತ್ತಿದ್ದದ್ದು ಟೀ ಅಂಗಡಿಗೆ.

"ಮುಚ್ಚಿರೋ ಗಿರಣಿಗೆ ಬಿಲ್ಲೆ ಬೇರೆ ಕೇಡು" ಎಂದು ನಾನು ಅನ್ನುತ್ತಿದ್ದೆ.

"ಟೀ ಅಂಗಡೀಲಿ ಕೂತಿರೋನು ಯಾರು ಅಂತ ಗೊತ್ತಾಗಬೇಡ್ವೇನೇ?" ಎನ್ನುತ್ತಿದ್ದರು.

ನಾನು ಸೀರೆಗೆ ಫಾಲ್ ಹೊಲಿದು, ರವಿಕೆ ಹೊಲಿದು ಸಂಸಾರ ದೂಡಿದೆ. ನನಗೆ ಯಾರೂ ಬಿಲ್ಲೆ ಕೊಡಲಿಲ್ಲ. ನಾನು ಯಾರು ಎಂದು ಯಾವ ಟೀ ಅಂಗಡಿಯವನೂ ಕೇಳಲಿಲ್ಲ ಬಿಡಿ. ಅವರು ಹೋದ ಮೇಲೆ ಅಂಗಿಗಳನ್ನು ಕೊಟ್ಟುಬಿಟ್ಟೆ, ಬಿಲ್ಲೆಯನ್ನು ಹೊಲಿಗೆ ಡಬ್ಬಿಗೆ ಹಾಕಿದೆ. ಸಿಂಚನಾ ಅದನ್ನು ಒಂದು ದಿನ ನೋಡಿ ಕಣ್ಣರಳಿಸಿದಳು. "ಅಜ್ಜಿ, ಇದು ನನ್ ಕಲೆಕ್ಷನ್‌ಗೇ ರಾಜ" ಎಂದಳು. ಬದುಕಿದ್ದಾಗ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಕೊಟ್ಟೆ.

ಇನ್ನು ಈ ರಾಜ ಪರಿವಾರವನ್ನು ಇಡುವುದು ಎಲ್ಲಿ? ಮೊದಲು ನಡುಮನೆಯ ಗೋಡೆಗೆ ಬೆಂಡಿನ ಹಲಗೆ ಬಂತು. ಚಾಮರಾಜಪೇಟೆಯ ಹಳೆಯ ಮನೆ ನಮ್ಮದು, ಗಾರೆ ಗೋಡೆ. ಮೊಳೆ ಹೊಡೆದರೆ ಮೊಳೆಗಿಂತ ಗೋಡೆಯೇ ಮೊದಲು ಬರುತ್ತದೆ. ಹಲಗೆ ಬಿತ್ತು. ಬಿರಡೆಗಳು ಚೆಲ್ಲಾಪಿಲ್ಲಿಯಾದವು, ಕೋಪದ ಬದನೆಕಾಯಿ ನನ್ನ ಹಿಮ್ಮಡಿಗೆ ನಾಟಿತು. ಆಮೇಲೆ ಜೀನ್ಸ್ ಜಾಕೆಟ್ಟಿನ ತುಂಬ ಚುಚ್ಚಿಟ್ಟಳು. ಅದು ಬಾಗಿಲ ಹಿಂದೆ ಪೊಲೀಸ್ ಇನ್ಸ್‌ಪೆಕ್ಟರಂತೆ ನೇತಾಡುತ್ತಿತ್ತು. ಮಂಜುಳಾ ನೋಡದೆ ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದಳು, ಮೆಷಿನ್ನು ರೈಸ್‌ಮಿಲ್ಲಿನ ಸದ್ದು ಮಾಡಿತು. ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮಿನಲ್ಲಿಟ್ಟರೆ ನಮ್ಮ ಮನೆಯ ತೇವಕ್ಕೆ ಹಿಂಬದಿ ಹಸಿರು ಕಿಲುಬು ಹಿಡಿಯಿತು. ಹುಡುಗಿ ಅಳುವುದೊಂದು ಬಾಕಿ.

"ನಿನ್ ಮುಖಕ್ಕೆ. ಮೊರ ತಗೊಂಬಾ" ಎಂದೆ.

ಮೊರ ಗೊತ್ತಲ್ಲ, ಅಕ್ಕಿ ಕೇರುವ ಬಿದಿರಿನದು. ಹಿಂದಿನ ಗೌರಿ ಹಬ್ಬದಲ್ಲಿ ಮಂಜುಳಾಗೆ ಬಂದ ಬಾಗಿನದ ಮೊರಗಳು ಅಟ್ಟದ ಮೇಲೆ ಖಾಲಿ ಬಿದ್ದಿದ್ದವು, ಅರಿಸಿನ ಬಳಿದವು. ಗೌರಿ ದಿನ ಇಂಥ ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ತುಂಬಿ, ಮೇಲೆ ಇನ್ನೊಂದು ಮೊರ ಮುಚ್ಚಿ, ದಾರ ಸುತ್ತಿ, ಸೆರಗಿನ ಮರೆಯಲ್ಲಿ ಮುತ್ತೈದೆಯರಿಗೆ ಕೊಡುವುದು ಪದ್ಧತಿ. ಅದೇ ಬಾಗಿನ. ನಾನು ನೋಡಿದ್ದು ಬರೀ ಮೊರವನ್ನು. ಹೆಣಿಗೆಯ ಸಂದಿಗೆ ಮೊಳೆ ಸಲೀಸಾಗಿ ಇಳಿಯುತ್ತದೆ, ಗಾಳಿಯಾಡುತ್ತದೆ, ಅರಿಸಿನಕ್ಕೆ ಹುಳ ಬರುವುದಿಲ್ಲ. ರವಿಕೆ ಹೊಲಿದು ಮಿಕ್ಕ ಕಪ್ಪು ವೆಲ್ವೆಟ್ಟು ಹಾಸಿದೆ. ಸಿಂಚನಾ ಸಾಲಾಗಿ ಚುಚ್ಚಿದಳು, ನಡುವೆ ತಾತನ ಕೆಂಪು ಬಿಲ್ಲೆ. ನನ್ನ ಅನಾಥ ಸೇಫ್ಟಿ ಪಿನ್ನುಗಳಿಗೂ ಒಂದು ಮೂಲೆ ಸಿಕ್ಕಿತು. ನೋಡಬೇಕಾದರೆ ಬಿಚ್ಚಿ ಕಿಟಕಿಗೆ ಒರಗಿಸುವುದು, ನೋಡಿಯಾದ ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿ ಅಟ್ಟಕ್ಕೆ.

ನನ್ನ ಬುದ್ಧಿವಂತಿಕೆಯನ್ನು ನಾನೇ ಹೊಗಳಿಕೊಂಡು ತಿರುಗಿದೆ. ಮುಂದಿನ ಗೌರಿ ಹಬ್ಬ ಬರುವವರೆಗೆ.

ಹಬ್ಬದ ದಿನ ನಾನು ಅಡಿಗೆಮನೆಯಲ್ಲಿ ಒಬ್ಬಟ್ಟಿನ ಮುಂದೆ. ಗೌರಿಯ ಕಡೆ ನಮ್ಮಂಥವರಿಗೆ ಕೆಲಸವಿಲ್ಲ. ವಿಧವೆ ಬೇಯಿಸಿದ ಒಬ್ಬಟ್ಟು ದೇವಿಗೆ ಆಗುತ್ತದೆ, ವಿಧವೆ ಆಗುವುದಿಲ್ಲ. ಮಂಜುಳಾ ಬಾಗಿನದ ಮೊರಗಳನ್ನು ಸಾಲಾಗಿ ಜೋಡಿಸಿದ್ದಳು. "ಅಟ್ಟದ್ ಮೇಲೆ ಇನ್ನೊಂದ್ ಜೊತೆ ಖಾಲಿ ಮೊರ ಇದ್ರೆ ಕೊಡ್ರೀ" ಎಂದಳಂತೆ. ನನ್ನ ಮಗ ರಮೇಶ ಹತ್ತಿ ಒಂದು ಜೊತೆ ಇಳಿಸಿ, ಭಾರ ಇದೆಯಲ್ಲ ಎಂದು ಕೂಡ ಯೋಚಿಸದೆ ಆ ಸಾಲಿನಲ್ಲೇ ಇಟ್ಟು ಟೀವಿ ಮುಂದೆ ಕೂತ. ಮಂಜುಳಾ ಖಾಲಿ ಮೊರ ಕೇಳಿದ್ದನ್ನೇ ಮರೆತು ಬಂದು ನೋಡಿದಾಗ ಎಲ್ಲಕ್ಕೂ ಅರಿಸಿನ, ಎಲ್ಲಕ್ಕೂ ದಾರ, ಅಲ್ಲಾಡಿಸಿದರೆ ಎಲ್ಲವೂ ಗಲಗಲ. ಎತ್ತಿಕೊಂಡು ಬೀದಿಯ ನಾಲ್ಕು ಮನೆಗೆ ಕೊಟ್ಟು ಬಂದಳು.

ಸಂಜೆ ಸಿಂಚನಾ ಹೊಸ ಪಿನ್ನು ಹಿಡಿದು ಅಟ್ಟ ಹತ್ತಿದರೆ ಅಟ್ಟ ಖಾಲಿ. ಕೆಳಗೆ ದೇವರ ಮುಂದೆ ಒಂದು ಬಾಗಿನ ಉಳಿದುಕೊಂಡಿತ್ತು. ಬಿಚ್ಚಿದರೆ ಅಕ್ಕಿ, ಬೇಳೆ, ಬೆಲ್ಲ.

"ಅಮ್ಮಾ, ಯಾರ್ ಮನೇಗ್ ಕೊಟ್ಟೆ?"

"ನಂಗೇನೇ ಗೊತ್ತು? ಮೊರದ್ ಮೇಲೆ ಹೆಸರು ಬರ್ದಿರ್ತಾರಾ?"

"ಫೋನ್ ಮಾಡಿ ವಾಪಸ್ ಇಸ್ಕೋ!"

ಮಂಜುಳಾ ಕೆನ್ನೆ ಕೆನ್ನೆ ಬಡಿದುಕೊಂಡಳು. "ಕೊಟ್ಟ ಬಾಗಿನ ವಾಪಸ್ ಕೇಳ್ತಾರೇನೇ? ಮುತ್ತೈದೆತನ ವಾಪಸ್ ಕೇಳ್ದಂಗೆ. ನಾನ್ ಕೇಳಲ್ಲ, ನೀನೂ ಕೇಳಕೂಡ್ದು."

ಅಲ್ಲಿಂದ ಮನೆಯಲ್ಲಿ ತಾಯಿಗೂ ಮಗಳಿಗೂ ಮಾತಿಲ್ಲ. "ಬೆಕ್ಕು ದೋಸೆ ಹೋಗ್ಲಿ, ಮತ್ತೆ ತರಿಸ್ಕೋತೀನಿ. ತಾತಂದು ಎಲ್ಲಿ ತರಿಸ್ಲಿ?" ಎಂದು ಹುಡುಗಿ ನನ್ನ ಮುಂದೆ ಗೊಣಗುತ್ತಿದ್ದಳು. ನಾನು "ಟೀ ಅಂಗಡೀಲಿ ಕೇಳು" ಎಂದು ಬಾಯಿ ಮುಚ್ಚಿಸಿದೆ. ಆದರೂ ಏನೋ ನೆಪ ಮಾಡಿಕೊಂಡು ನಾಲ್ಕೂ ಮನೆಗೆ ಹೋಗಿ ಕಾಫಿ ಕುಡಿದು ಬಂದೆ. ಕರಿಬೇವು ಕೇಳಿದೆ, ಮೊಣಕಾಲು ನೋವಿನ ಎಣ್ಣೆ ಕೇಳಿದೆ. ಕಣ್ಣು ಮಾತ್ರ ಗೋಡೆ, ಗೂಡು, ಅಟ್ಟದ ಮೇಲೆ. ಕಳ್ಳರು ಕೂಡ ನನ್ನಷ್ಟು ನೋಡಿರಲಾರರು. ಏನೂ ಕಾಣಲಿಲ್ಲ.

ಕಂಡದ್ದು ದಸರಾದಲ್ಲಿ, ಪಕ್ಕದ ಮನೆ ಕಮಲಮ್ಮನ ಬೊಂಬೆಗಳಲ್ಲಿ.

ಕಮಲಮ್ಮ ನನಗಿಂತ ಚಿಕ್ಕವಳು, ಮಡಿ ಮೈಲಿಗೆಯಲ್ಲಿ ನನ್ನ ಅತ್ತೆಗಿಂತ ದೊಡ್ಡವಳು. ಆ ವರ್ಷ ಅವಳ ಗಂಡ ಪುಟ್ಟಸ್ವಾಮಿಗೆ ಎದೆ ಹಿಡಿದು, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿ, ಗೌರಿ ಹಬ್ಬದ ಹೊತ್ತಿಗೆ ಮನೆಗೆ ತಂದಿದ್ದರು. ದಸರೆಗೆ ಅವಳು ಎಂದಿನಂತೆ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸಿದ್ದಳು. ನಾನು, ಮಂಜುಳಾ, ಸಿಂಚನಾ ಹೋದೆವು. ಬೀದಿಯ ಹೆಂಗಸರೆಲ್ಲ ಜಮಖಾನದ ಮೇಲೆ ಕೂತಿದ್ದರು. ಸಿಂಚನಾ ನನ್ನ ತೋಳು ಚಿವುಟಿದಳು.

"ಅಜ್ಜೀ... ನನ್ ಬೆಕ್ಕು!"

ಪಟ್ಟದ ರಾಣಿಯ ಕೊರಳಲ್ಲಿ ಬೆಕ್ಕು ಕೂತಿತ್ತು. ದಿನಸಿ ಹರಡಿಕೊಂಡ ಶೆಟ್ಟರ ಬೊಂಬೆಯ ಮುಂದೆ ಮಸಾಲೆ ದೋಸೆ. ತಲೆಯಾಡಿಸುವ ತಂಜಾವೂರು ಬೊಂಬೆಗೆ ಕಾಫಿ ಲೋಟ. ಕೋಪದ ಬದನೆಕಾಯಿ ರಾವಣನ ನಡುತಲೆಯ ಮೇಲೆ. ಮೇಲಿನ ಮೆಟ್ಟಿಲಲ್ಲಿ, ಜರಿ ಅಂಗಿ ತೊಟ್ಟ ಪಟ್ಟದ ರಾಜನ ಎದೆಯ ಮೇಲೆ, ಕೆಂಪು ಬಣ್ಣದ ನಡುವೆ ಹಿತ್ತಾಳೆಯ ಚಕ್ರ. ನಮ್ಮ ಯಜಮಾನರು.

"ಎಷ್ಟ್ ಚೆನ್ನಾಗಿದೆ, ಎಲ್ ತಗೊಂಡ್ರಿ ಕಮಲಮ್ಮ?" ಎಂದು ಯಾರೋ ಕೇಳಿದರು.

"ತಗೊಳ್ಳೋದೆಲ್ಲಿ ಬಂತು, ಗೌರಮ್ಮ ಕಳ್ಸಿದ್ದು" ಎಂದಳು ಕಮಲಮ್ಮ. "ಬಾಗಿನ ಬಿಚ್ಚಿದ್ರೆ ಬರೀ ಬಿಲ್ಲೆ. ಇದೇನಪ್ಪಾ ಅಂತ ನಾನ್ ನೋಡ್ತಾ ಕೂತಿದೀನಿ, ಇವರು ಎದ್ದು ಕೂತು ಉಪ್ಪಿಟ್ಟು ಕೇಳಿದ್ರು. ಆಸ್ಪತ್ರೆಯಿಂದ ಬಂದ್ಮೇಲೆ ಬಾಯ್ಬಿಟ್ಟು ಏನೂ ಕೇಳಿರ್ಲಿಲ್ಲ."

ಹೆಂಗಸರೆಲ್ಲ ಕೈ ಮುಗಿದರು. ಮಂಜುಳಾ ನೆಲ ನೋಡುತ್ತಿದ್ದಳು. ಸಿಂಚನಾ, ಪಾಪ, ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ನನಗೆ ಅಭ್ಯಾಸವಿಲ್ಲ.

"ಕಮಲಮ್ಮ, ಆ ರಾಜನ ಎದೆ ಮೇಲಿರೋದು ನಮ್ಮ ಯಜಮಾನರ ಬಿಲ್ಲೆ" ಎಂದೆ.

"ಗೊತ್ತು ರತ್ನಕ್ಕ" ಎಂದಳು ಅವಳು ಮೆಲ್ಲಗೆ. "ದಿನಾ ಹಾಕ್ಕೊಂಡು ನಮ್ಮನೆ ಮುಂದೇನೇ ಹೋಗ್ತಿದ್ರಲ್ಲ, ಗೊತ್ತಾಗಲ್ವಾ? ತಪ್ಪಿ ಬಂದಿದೆ ಅಂತಾನೂ ಗೊತ್ತು. ಆದ್ರೆ ಬಾಗಿನ ವಾಪಸ್ ಕೊಟ್ಟು, ಇವರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಪುಟ್ಟಸ್ವಾಮಿ ಕೆಮ್ಮಿದ. "ಲೇ ಕಮಲಾ, ನಾನು ನಿಂತಿರೋದು ಸ್ಟೆಂಟ್ ಮೇಲೆ ಕಣೇ, ಮೊರದ ಮೇಲಲ್ಲ. ಕೊಟ್ಬಿಡು."

"ನೀವು ಸುಮ್ನಿರಿ. ನಿಮಗೇನು, ಹೋದ್ರೆ ಹೋದ್ರಿ. ಇರೋಳು ನಾನು."

ಹಿಂದೆ ಕೂತಿದ್ದ ಯಾರೋ ತೀರ್ಪು ಕೊಟ್ಟರು: ವಾಪಸ್ ಕೊಡಬಾರದು, ಹೊಸ ಬಾಗಿನ ಮಾಡಿ ಕೊಡಬಹುದು, ಮಂಜುಳಾಗೆ ಕೊಡಲಿ, ಅವಳು ಮುತ್ತೈದೆ. ಮಂಜುಳಾ ಆಗಲೇ ಸೆರಗು ಸರಿಮಾಡಿಕೊಂಡಳು. ನನಗೆ ಮೈ ಉರಿಯಿತು.

"ಬಿಲ್ಲೆ ನನ್ನ ಗಂಡಂದು. ಅವರು ಸತ್ತಿದಾರೆ ಅನ್ನೋದಕ್ಕೇ ನಂಗೆ ಕೊಡೋ ಹಾಗಿಲ್ಲ ಅನ್ನೋದಾದ್ರೆ, ಅವರೇ ಎದ್ದು ಬಂದು ಇಸ್ಕೋಬೇಕಾ?"

ಪುಟ್ಟಸ್ವಾಮಿ ಒಬ್ಬನೇ ನಕ್ಕ. ಎದೆ ಹಿಡಿದುಕೊಂಡು ನಕ್ಕ. ಅದನ್ನು ಕಂಡು ಕಮಲಮ್ಮನ ಮುಖ ಬಿಳಿಚಿಕೊಂಡಿತು. ನಾನು ಸುಂಡಲು ಕಟ್ಟಿಸಿಕೊಂಡು ಎದ್ದು ಬಂದೆ. ದಾರಿಯಲ್ಲಿ ಸಿಂಚನಾ, "ನಿಜ ಹೇಳ್ಬೇಕಂದ್ರೆ ಅಜ್ಜಿ, ನಾನ್ ಇಟ್ಟಿದ್ದಕ್ಕಿಂತ ಅಲ್ಲೇ ಚೆನ್ನಾಗ್ ಕಾಣ್ತಿದ್ವು" ಎಂದಳು. "ಅಲ್ವೇನೇ, ಆ ಬೆಕ್ಕು?" ಎಂದಳು ಮಂಜುಳಾ. ತಾಯಿ ಮಗಳಿಗೆ ಮಾತು ಬಂದದ್ದು ಹಾಗೆ.

ವಿಜಯದಶಮಿ ಕಳೆದು, ಬೊಂಬೆಗಳು ಪೆಟ್ಟಿಗೆ ಸೇರಿದ ಮಾರನೆಯ ಬೆಳಿಗ್ಗೆ ಕಮಲಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ನಾನು ಒಬ್ಬಳೇ ಅಡಿಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದೆ. ಅವಳ ಸೆರಗಿನ ಕೆಳಗೆ ಮೊರ.

"ಮಂಜುಳಾ ಸ್ನಾನಕ್ಕೆ ಹೋಗಿದಾಳೆ, ಕೂತ್ಕೋ" ಎಂದೆ.

"ಅವಳಿಗಲ್ಲ. ನೀವೇ ತಗೊಳ್ಳಿ ರತ್ನಕ್ಕ."

"ನಂಗಾ? ನಿಂಗೇನು ತಲೆ ಕೆಟ್ಟಿದ್ಯಾ? ಭಯ ಇಲ್ವಾ?"

"ಇದೆ. ಅದಕ್ಕೇ ಬೇಗ ತಗೊಳ್ಳಿ."

ಇಬ್ಬರ ಸೆರಗೂ ಮೇಲೆ ಮುಚ್ಚಿ, ಮೊರವನ್ನು ಅವಳು ಈ ಕಡೆಗೆ ತಳ್ಳಿದಳು, ನಾನು ಹಿಡಿದೆ. ನನ್ನ ಕಣ್ಣು ತುಂಬಿ ಬಂತು ಎಂದು ಬರೆದರೆ ನಿಮಗೆ ಸಂತೋಷವಾಗುತ್ತಿತ್ತೇನೋ. ಬರಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಮಣ್ಣು ಅವಳ ಮಡಿ ಸೀರೆಗೆ ಹತ್ತಿತಲ್ಲ ಎಂದುಕೊಂಡೆ. ಬಿಚ್ಚಿ ನೋಡಿದರೆ ಬಿಲ್ಲೆಗಳೆಲ್ಲ ಇದ್ದವು, ನನ್ನ ಸೇಫ್ಟಿ ಪಿನ್ನುಗಳೂ. ಜೊತೆಗೆ ಅಕ್ಕಿ, ಬೆಲ್ಲ, ಒಂದು ರವಿಕೆ ಕಣ. ಅದು ನಾವೇ ಯಾವುದೋ ವರ್ಷ ಅವಳಿಗೆ ಕೊಟ್ಟ ಗಿಣಿ ಹಸಿರಿನ ಕಣ, ಸುಮಾರು ಬೀದಿ ಸುತ್ತಿ ಮನೆಗೆ ಬಂದಿತ್ತು.

ಈಗ ಮೊರಗಳು ಮತ್ತೆ ಅಟ್ಟದ ಮೇಲಿವೆ. ಮೇಲೆ ಮಾರ್ಕರಿನಲ್ಲಿ "ಇದು ಬಾಗಿನ ಅಲ್ಲ" ಎಂದು ನಾನೇ ದಪ್ಪಗೆ ಬರೆದಿದ್ದೇನೆ. ನಾಲ್ಕನೇ ಕ್ಲಾಸು ಅಷ್ಟಕ್ಕೆ ಸಾಕು. ದಸರೆಗೆ ಬೊಂಬೆಗಳಿಗೆ ಬಿಲ್ಲೆ ಹಾಕಲು ಸಿಂಚನಾ ಕಮಲಮ್ಮನ ಮನೆಗೆ ತಾನೇ ಹೋಗುತ್ತಾಳೆ ಎಂದು ಇಬ್ಬರಿಗೂ ಒಪ್ಪಂದವಾಗಿದೆ.

ಶಾಸ್ತ್ರ, ಕೇಡು, ಶಕುನ ಇವನ್ನೆಲ್ಲ ನಾನು ನಂಬುವವಳಲ್ಲ. ಕಮಲಮ್ಮನಿಗೂ ಹಾಗೇ ಹೇಳಿ ಕಳಿಸಿದೆ. ಆದರೆ ಒಂದು ತೊಂದರೆಯಾಗಿದೆ. ಪುಟ್ಟಸ್ವಾಮಿ ಬೆಳಿಗ್ಗೆ ಎದ್ದು ಬಾಗಿಲಿಗೆ ಬಂದು, ಪೇಪರ್ ಎತ್ತಿಕೊಂಡು, ಗಂಟಲು ಹರಿಯುವಂತೆ ಒಮ್ಮೆ ಕೆಮ್ಮುತ್ತಾನೆ. ಆ ಕೆಮ್ಮು ಗೋಡೆಯಾಚೆಯಿಂದ ಕೇಳುವವರೆಗೆ ನನಗೆ ಕಾಫಿ ಇಳಿಯುವುದಿಲ್ಲ. ಮೊನ್ನೆ ಭಾನುವಾರ ಅವನು ತಡವಾಗಿ ಎದ್ದ, ನನ್ನ ಲೋಟ ಕೈಯಲ್ಲೇ ಆರಿ ತಣ್ಣಗಾಯಿತು. ಆಮೇಲೆ ಕೆಮ್ಮಿದ. ಆಮೇಲೆ ಕುಡಿದೆ.

ನಮ್ಮ ಯಜಮಾನರೂ ಜೀವಮಾನವಿಡೀ ಕೆಮ್ಮಿದರು. ಬಾಯಿಗೆ ಬಟ್ಟೆ ಹಿಡಿದುಕೊಳ್ಳಿ ಎಂದು ಬೈದದ್ದು ಬಿಟ್ಟರೆ, ಹೀಗೆ ಒಂದು ದಿನವೂ ಕಿವಿಗೊಟ್ಟು ಕೂತವಳಲ್ಲ ನಾನು.